ತಮ್ಮನ ಮಗನಿಗಿ ಪ್ರೊ ಬಾಕ್ಸಿಂಗ್ ಪಂದ್ಯ ಬಂದದ, ಕಾಗದಕ್ಕ ಸಹಿ ಹಾಕಬೇಕೋ ಬ್ಯಾಡೋ?

ಶಹಾಬಜಾರ್ ಕಾಕಾ

ಎಲ್ಲರಿಗೂ ಶರಣ್ರಿ. ಒಂದು ಮಾತು ಕೇಳಬೇಕಾಗ್ಯಾದ, ತಿಳದವರು ಹೇಳ್ರಿ.

ನನ್ನ ತಮ್ಮನ ಮಗ ಕಲಬುರಗಿಯಾಗ ನಮ್ಮ ಮನ್ಯಾಗೇ ಇದ್ದು ಬಿ.ಎ. ಓದ್ಲಾಕತ್ತಾನ. ವಯಸ್ಸು 20. ಹೈಸ್ಕೂಲಿನಾಗ ಇದ್ದಾಗಿಂದ ಬಾಕ್ಸಿಂಗ್ ಹಚ್ಕೊಂಡಾನ. ಮುಂಜಾನಿ 5ಕ್ಕ ಎದ್ದು ಚಂದ್ರಶೇಖರ ಪಾಟೀಲ ಸ್ಟೇಡಿಯಂನಾಗ ಓಡ್ತಾನ, ಸಂಜಿಗಿ ಪ್ರಾಕ್ಟೀಸ್. ರಾಜ್ಯಮಟ್ಟದಾಗ ಎರಡು ಪದಕ ತಂದಾನ. ಹೋದ ವಾರ ದೊಡ್ಡ ಊರಿಂದ ಒಬ್ರು ಫೋನ್ ಹಚ್ಚಿ, ಪ್ರೊಫೆಷನಲ್ ಪಂದ್ಯ ಅದ, 4 ರೌಂಡ್, 15 ಸಾವಿರ ಕೊಡ್ತೀವಿ, ಹೋಗಿಬರೋ ರೈಲ್ ಟಿಕೆಟ್ ನಮ್ದು ಅಂದಾರ. ಪಂದ್ಯಕ್ಕ ಇನ್ನ ಬರೇ 12 ದಿನ ಅದ.

ಆಮ್ಯಾಲ ವಾಟ್ಸಾಪಿಗಿ ಎರಡು ಪುಟದ ಇಂಗ್ಲಿಷ್ ಕಾಗದ ಬಂತು. ಹುಡುಗನೇ ಓದಿ ಹೇಳ್ದ. ರಿಂಗಿನಾಗ ಏನೇ ಆಗ್ಲಿ, ಜೀವ ಹೋದ್ರೂ, ಆಡಿದವನಾಗ್ಲಿ ಮನಿಯವರಾಗ್ಲಿ ಏನೂ ಕೇಳಂಗಿಲ್ಲ ಅಂತ ಬರದದ. ಕೆಳಗ ಹುಡುಗಂದು ಒಂದು ಸಹಿ, ಮನಿ ಹಿರ್ಯಾರದು ಒಂದು ಸಹಿ. ನನ್ನ ತಮ್ಮ ದುಡಿಲಾಕ ಪುಣೆದಾಗ ಹಾನ, ಅದಕ್ಕ ಆ ಸಹಿ ನಾನೇ ಹಾಕಬೇಕು.

"ಜೀವ ಹೋದ್ರೂ" ಅನ್ನೋ ಮಾತು ಕೇಳಿದಾಗಿಂದ ನನಗ ನಿದ್ದಿ ಹತ್ತವಲ್ದು. ಹುಡುಗ ಮಾತ್ರ ಕುಣೀಲಾಕತ್ತಾನ. ಇಂಥಾ ಪಂದ್ಯಕ್ಕ ಸರ್ಕಾರದ್ದು ಕಾಯ್ದೆ ಏನರ ಅದ ಏನ್ರಿ? ಯಾರು ನೋಡ್ಕೋತಾರ?

ಜೇವರ್ಗಿ ರೋಡ್

15 ಸಾವಿರಕ್ಕ ತಲಿ ಒತ್ತಿ ಇಡಬ್ಯಾಡ್ರಿ ಕಾಕಾ. ಹರದು ಒಗೀರಿ ಕಾಗದ.

ಸ್ಟೇಡಿಯಂ ಹುಡುಗ

ಹರದು ಒಗೀರಿ ಅನ್ನೋದು ಸುಲಭ ಅದ. ಹುಡುಗ ಆರು ವರ್ಷ ಬೆವರು ಸುರಿಸ್ಯಾನ, ಅದಕ್ಕೇನು ಕಿಮ್ಮತ್ತು? ರಾಜ್ಯಮಟ್ಟದ ಪದಕ ಇಟ್ಕೊಂಡು ಎಷ್ಟು ಮಂದಿಗಿ ನೌಕರಿ ಸಿಕ್ಕದ ಹೇಳ್ರಿ. ವಿಜೇಂದರ್ ಸಿಂಗ್ 2008ರಾಗ ಒಲಿಂಪಿಕ್ ಕಂಚು ಗೆದ್ದು, 2015ರಾಗ ಪ್ರೊ ಆದ. ಮರುವರ್ಷ ಜುಲೈದಾಗ ದಿಲ್ಲಿ ತ್ಯಾಗರಾಜ ಸ್ಟೇಡಿಯಂನಾಗ ಡಬ್ಲ್ಯುಬಿಒ ಅನ್ನೋ ಸಂಸ್ಥೆ ಕೊಡೋ ಏಷ್ಯಾ ಪೆಸಿಫಿಕ್ ಚಾಂಪಿಯನ್ ಬೆಲ್ಟ್ ಗೆದ್ದಾಗ ಸ್ಟೇಡಿಯಂ ತುಂಬಿತ್ತು. ನಿಶಾಂತ್ ದೇವ್ ಹರಿಯಾಣದವ ಖರೆ, ಆದ್ರ ನಮ್ಮ ಬಳ್ಳಾರಿ ಕಡಿ ವಿಜಯನಗರದ ಕೇಂದ್ರದಾಗ ತಯಾರಾಗಿ ಕರ್ನಾಟಕದ ಹೆಸರಿಲೆ ನ್ಯಾಷನಲ್ ಗೆದ್ದವ. ಪ್ಯಾರಿಸ್ ಒಲಿಂಪಿಕ್ಸ್‌ನಾಗ ಕ್ವಾರ್ಟರ್ ಫೈನಲ್ ತನಕ ಹೋದ. 2025ರ ಜನವರಿಯಾಗ ಲಾಸ್ ವೇಗಸ್‌ನಾಗ ಮೊದಲ ಪ್ರೊ ಪಂದ್ಯ ಮೊದಲ ರೌಂಡಿನಾಗೇ ಮುಗಿಸ್ದ. ಎಲ್ಲಾರೂ ಎಲ್ಲಿಂದರ ಒಂದು ಕಡಿಂದ ಶುರು ಮಾಡಬೇಕಲ್ಲ.

ಬಿದರಿ ಅಕ್ಕ

ತಮ್ಮಾ, ಅವರಿಬ್ಬರೂ ಒಲಿಂಪಿಕ್ ಮುಗಿಸಿ ಹೋದವರು. ದೊಡ್ಡ ಕಂಪನಿ ಅವರ ಬೆನ್ನಿಗಿತ್ತು, ಎದುರಾಳಿ ಯಾರು ಅನ್ನೋದು ಅವರ ಕಡಿಯವರೇ ನೋಡಿ ಆರಿಸ್ತಿದ್ರು. ಕಾಕಾನ ಹುಡುಗನಿಗಿ 12 ದಿನ ಇದ್ದಾಗ ಫೋನ್ ಬಂದದ ಅಂದ್ರ ಯಾರೋ ಬಿಟ್ಟು ಹೋದ ಜಾಗಕ್ಕ ಕರದಾರ ಅಂತಾನೇ ಅರ್ಥ. ಎದುರಾಳಿ ಯಾರು ಅಂತ ಕೇಳಿದ್ರೇನ್ರಿ ಕಾಕಾ?

ಶಹಾಬಜಾರ್ ಕಾಕಾ

ಕೇಳಿಲ್ಲ ತಂಗಿ. ಇವತ್ತು ಕೇಳ್ತೀನಿ.

ಕೋರ್ಟ್ ಕಟ್ಟಿ

ನಾನು ವಕೀಲ, ಇಲ್ಲೇ ಕಲಬುರಗಿ ಪೀಠದಲ್ಲಿ ಪ್ರಾಕ್ಟೀಸ್. ಕಾಕಾ ಕೇಳಿದ ಕಾಯ್ದೆಯ ಪ್ರಶ್ನೆಗೆ ಬರುತ್ತೇನೆ.

ವೃತ್ತಿಪರ ಬಾಕ್ಸಿಂಗ್‌ಗೆಂದೇ ನಮ್ಮ ಸಂಸತ್ತು ಮಾಡಿದ ಕಾಯ್ದೆ ಇಲ್ಲ. ಒಲಿಂಪಿಕ್ ಮಾದರಿಯ ಬಾಕ್ಸಿಂಗ್ ನೋಡಿಕೊಳ್ಳಲು ಬಾಕ್ಸಿಂಗ್ ಫೆಡರೇಷನ್ ಆಫ್ ಇಂಡಿಯಾ ಇದೆ. ಪ್ರೊ ಪಂದ್ಯಗಳಿಗೆ ಇಂಡಿಯನ್ ಬಾಕ್ಸಿಂಗ್ ಕೌನ್ಸಿಲ್ ಎಂಬ ಸಂಸ್ಥೆ ಲೈಸೆನ್ಸ್ ಕೊಡುತ್ತದೆ, ಆದರೆ ಅದು ಕಾಯ್ದೆಯಿಂದ ಹುಟ್ಟಿದ ಸರ್ಕಾರಿ ಆಯೋಗವಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಅಥ್ಲೆಟಿಕ್ ಕಮಿಷನ್ ಇದ್ದು, ಅದರ ಮೇಲೆ 1996ರ ಕೇಂದ್ರ ಕಾಯ್ದೆ ಇದೆ. ಪಂದ್ಯಕ್ಕೆ ಮುಂಚೆ ವೈದ್ಯಕೀಯ ತಪಾಸಣೆ ಆಗಿರಬೇಕು, ರಿಂಗಿನ ಪಕ್ಕದಿಂದ ಡಾಕ್ಟರ್ ಕದಲಬಾರದು, ಆಂಬುಲೆನ್ಸ್ ಅಥವಾ ಉಸಿರು ಕೊಡುವ ಉಪಕರಣ ಇರುವ ಸಿಬ್ಬಂದಿ ಅಲ್ಲೇ ಇರಬೇಕು, ಪಂದ್ಯದಲ್ಲಿ ಆಗುವ ಪೆಟ್ಟಿಗೆ ವಿಮೆ ಇರಬೇಕು ಎಂದು ಅದರಲ್ಲಿ ಬರೆದಿದೆ. ಕಾಕಾ, ನಿಮ್ಮ ಎರಡು ಪುಟದ ಕಾಗದದಲ್ಲಿ ಇವುಗಳಲ್ಲಿ ಒಂದಾದರೂ ಇದೆಯಾ ನೋಡಿ.

ಇನ್ನು ಸಹಿ. ಹಳೆಯ ಐಪಿಸಿ 87ನೇ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ ಆಗಿದೆ. 18 ದಾಟಿದವನು ಒಪ್ಪಿ ಆಡಿದ ಆಟದಲ್ಲಿ ಪೆಟ್ಟಾದರೆ ಹೊಡೆದವನ ಮೇಲೆ ಅಪರಾಧ ಬರುವುದಿಲ್ಲ. ಕಾಯ್ದೆಯೇ ಕೊಡುವ ಉದಾಹರಣೆ ಕತ್ತಿವರಸೆಯದು. ಆದರೆ ಮೋಸವಿಲ್ಲದ ಆಟವಾಗಿರಬೇಕು ಎಂಬ ಷರತ್ತು ಅದೇ ಉದಾಹರಣೆಯಲ್ಲಿದೆ. ಸಾವು ಅಥವಾ ಭಾರಿ ಗಾಯ ಆಗುವ ಸಂಭವ ಇದೆ ಎಂದು ತಿಳಿದೂ ಮಾಡಿದ ಕೆಲಸಕ್ಕೆ ಆ ಕಲಂ ರಕ್ಷಣೆ ಕೊಡುವುದಿಲ್ಲ. ನಿರ್ಲಕ್ಷ್ಯದಿಂದ ಸಾವಾದರೆ 106ನೇ ಕಲಂ ಬೇರೆಯೇ ಇದೆ, 5 ವರ್ಷದ ತನಕ ಶಿಕ್ಷೆ. ಅದನ್ನು ಕಾಕಾ ಹಾಕುವ ಸಹಿ ಅಳಿಸಲಾರದು. ಆ ಕಾಗದ ನಿಮ್ಮನ್ನು ಹೆದರಿಸಿ ಸುಮ್ಮನೆ ಕೂರಿಸುವುದಕ್ಕೆ.

ಜೇವರ್ಗಿ ರೋಡ್

ಅಂದ್ರ ಸಹಿ ಹಾಕಿದ್ರೂ ನಡೀತದ ಅಂತೀರೇನು ವಕೀಲ್ ಸಾಹೇಬ್ರ?

ಕೋರ್ಟ್ ಕಟ್ಟಿ

ಅಲ್ಲ. ಹುಡುಗ ಹೋದ ಮೇಲೆ ಕೇಸ್ ಗೆದ್ದು ಮಾಡುವುದೇನು? ಸಹಿಗೆ ಹೆದರಬೇಡಿ, ಕಾಗದದಲ್ಲಿ ಬರೆಯದೆ ಬಿಟ್ಟದ್ದಕ್ಕೆ ಹೆದರಿ ಎಂದೆ.

ಗರಡಿ ಅಜ್ಜ

ನಂದು ಕುಸ್ತಿ ಕಾಲ. ಬಾಕ್ಸಿಂಗ್ ತಿಳಿಯಂಗಿಲ್ಲ, ಆದ್ರ ಇದು ತಿಳಿತದ.

ಶರಣಬಸವೇಶ್ವರ ಜಾತ್ರಿ ಆಗ್ಲಿ, ಯಾದಗಿರಿ ಕಡಿ ಮೈಲಾಪುರ ಜಾತ್ರಿ ಆಗ್ಲಿ, ಆ ದಿನಮಾನದಾಗ ನಾವು ಕುಸ್ತಿ ಹುಡುಕ್ಕೊಂಡು ಹೋಗ್ತಿದ್ವಿ. ಸಣ್ಣ ಹುಡುಗರಿಗಿ ತೆಂಗಿನಕಾಯಿ ಕುಸ್ತಿ, ಕೊನಿಗಿ ಬೆಳ್ಳಿ ಕಡಗದ ಕುಸ್ತಿ. ಹಲಗಿ ಬಡದಂಗ ಮಂದಿ ಸೇರ್ತಿತ್ತು. ಕಣಕ್ಕ ಇಳಿಯೋಕಿಂತ ಮೊದಲು ಉಸ್ತಾದ್ ಇಬ್ಬರನ್ನೂ ಎದುರಾಬದುರಾ ನಿಂದ್ರಿಸಿ ಭುಜ ಮುಟ್ಟಿ ನೋಡ್ತಿದ್ದ, ಕುತ್ತಿಗಿ ಹಿಡದು ನೋಡ್ತಿದ್ದ. ಜೋಡಿ ಹೊಂದಲಿಲ್ಲಂದ್ರ ಕೈ ಬಿಡಿಸಿಬಿಡ್ತಿದ್ದ. ಗೌಡ ಬಂದು ಹೇಳಿದ್ರೂ ಕೇಳ್ತಿರಲಿಲ್ಲ. ಒಂದು ಸಲ ನನಗ ಹಂಗೇ ಆತು. ರೊಕ್ಕದ ಆಸಿಗಿ ನನಕಿಂತ ಒಂದೂವರಿ ಪಟ್ಟು ದಪ್ಪ ಇದ್ದ ಸೊಲ್ಲಾಪುರ ಕಡಿ ಪೈಲ್ವಾನನ ಕೂಡ ಹಿಡೀತೀನಿ ಅಂತ ನಿಂತಿದ್ದೆ. ಉಸ್ತಾದ್ ಕಪಾಳಕ್ಕ ಒಂದು ಕೊಟ್ಟು ಕಣದ ಹೊರಗ ತಂದು ಕುಂದ್ರಿಸಿದ. ಆರು ತಿಂಗಳು ಅವನ ಮ್ಯಾಲ ಸಿಟ್ಟಿತ್ತು ನನಗ. ಈಗ ಎಪ್ಪತ್ತೊಂದರಾಗ ನನ್ನ ಕುತ್ತಿಗಿ ನೆಟ್ಟಗ ತಿರಗ್ತದ.

ಹುಡುಗನ ಜೋಡಿ ಹಚ್ಚಿದವರು ಯಾರು? ಅದನ್ನ ಮೊದಲು ಕೇಳ್ರಿ.

ಭೀಮಾ ದಂಡಿ

ಅಜ್ಜಾ, ಮೈಲಾಪುರ ಜಾತ್ರಿ ಹೆಸರು ತಗೊಂಡು ಹೊಟ್ಟಿ ತಂಪು ಮಾಡಿದ್ರಿ. ನಮ್ಮಪ್ಪ ತನ್ನ ಹೆಗಲ ಮ್ಯಾಲ ಕುಂದ್ರಿಸ್ಕೊಂಡು ಒಯ್ತಿದ್ದ ಅಲ್ಲಿಗಿ.

ದುಬೈ ಯಾದಗಿರಿ

ಗರಡಿ ಅಜ್ಜನ ಮಾತೇ ಪ್ರೊ ಬಾಕ್ಸಿಂಗಿನ ಗುಟ್ಟು. ನಾನು ಯಾದಗಿರಿಯವ, ಹನ್ನೊಂದು ವರ್ಷದಿಂದ ದುಬೈದಾಗ ಇದ್ದೀನಿ, ಇಲ್ಲಿ ಪಂದ್ಯ ನಡೆಯೋ ಹಾಲ್‌ಗಳಾಗ ಲೈಟಿಂಗ್ ಕೆಲಸ ಮಾಡೀನಿ. ಜೋಡಿ ಹಚ್ಚೋನಿಗಿ ಇಲ್ಲಿ ಮ್ಯಾಚ್‌ಮೇಕರ್ ಅಂತಾರ. ಉಸ್ತಾದನಂಗ ಅವನು ಇಬ್ಬರ ಹಿತಾನೂ ನೋಡಂಗಿಲ್ಲ. ಅವನ ಪಗಾರ ಪ್ರೊಮೋಟರ್, ಅಂದ್ರ ರೊಕ್ಕ ಹಾಕಿ ಪಂದ್ಯ ಇಡೋನ ಕಡಿಂದ ಬರ್ತದ. ಪ್ರೊಮೋಟರ್ ಕಡಿ ಒಬ್ಬ ಬೆಳೆಯೋ ಹುಡುಗ ಇರ್ತಾನ, ಅವನೇ ಟಿಕೆಟ್ ಮಾರಿಸೋನು, ಅವನ ದಾಖಲಿ 8ಕ್ಕ 8, 10ಕ್ಕ 10 ಗೆಲುವು ಅಂತ ಕಾಣಬೇಕು. ಅದಕ್ಕ ಸೋಲಲಾಕ ಒಬ್ಬ ಬೇಕಲ್ಲ. ಹೊರಗಿನ ಊರಿಂದ, ಕಡಿಮಿ ರೊಕ್ಕಕ್ಕ, ಕಡಿಮಿ ದಿನದಾಗ ಬರೋನನ್ನ ಹುಡುಕ್ತಾರ. ಕಾಕಾನ ಹುಡುಗನಿಗಿ ಬಂದ ಫೋನ್ ಅದೇ ನಮೂನಿದು ಕಾಣ್ತದ ನನಗ.

ರೊಕ್ಕದ ಲೆಕ್ಕಾನೂ ನೋಡ್ರಿ. ಮ್ಯಾನೇಜರ್ ಮೂರರಾಗ ಒಂದು ಪಾಲು ತನಕ ತಗೋತಾನ, ಟ್ರೇನರ್‌ಗಿ ನೂರಕ್ಕ ಹತ್ತು. 15 ಸಾವಿರದಾಗ 5 ಸಾವಿರ ಹೋತು, ಒಂದೂವರಿ ಸಾವಿರ ಹೋತು, ಉಳದದ್ದು 8,500. ರಕ್ತ ಪರೀಕ್ಷೆ, ತಲಿ ಸ್ಕ್ಯಾನ್ ಎಲ್ಲಾ ಹುಡುಗನೇ ಮಾಡಿಸ್ಕೋಬೇಕು ಅಂದ್ರ ಮನಿಗಿ ಏನು ಬರ್ತದ?

ಸ್ಟೇಡಿಯಂ ಹುಡುಗ

ಬೆಲ್ಟ್ ಕೊಡೋ ಸಂಸ್ಥೆಗಳೂ 3% ತಗೋತಾವ ಅಂತ ಕೇಳೀನಿ.

ದುಬೈ ಯಾದಗಿರಿ

ಅದು ಬೆಲ್ಟ್ ಪಂದ್ಯಕ್ಕ ಮಾತ್ರ ತಮ್ಮಾ. ಡಬ್ಲ್ಯುಬಿಸಿ, ಡಬ್ಲ್ಯುಬಿಎ, ಐಬಿಎಫ್, ಡಬ್ಲ್ಯುಬಿಒ, ನಾಲ್ಕು ಅಂಗಡಿ ಅವ, ನಾಲ್ಕು ಚಾಂಪಿಯನ್. 4 ರೌಂಡ್ ಪಂದ್ಯಕ್ಕ ಅವರು ತಿರುಗಿ ನೋಡಂಗಿಲ್ಲ. ಅಮೆರಿಕದಾಗ 2000ನೇ ಇಸ್ವಿಯಾಗ ಮೊಹಮ್ಮದ್ ಅಲಿ ಹೆಸರಿಲೆ ಕಾಯ್ದೆ ತಂದದ್ದು ಈ ರೊಕ್ಕದ ಆಟ ನೋಡೇ. ಪ್ರೊಮೋಟರ್ ತಾನು ಎಷ್ಟು ಗಳಿಸ್ತೀನಿ ಅಂತ ಆಡೋನಿಗಿ ತಿಳಿಸಬೇಕು, ಆಡೋನ ಮ್ಯಾನೇಜರ್‌ನ ಜೇಬಿನಾಗ ಪ್ರೊಮೋಟರ್ ಕೈ ಇರಬಾರದು.

ದವಾಖಾನಿ ಡಾಕ್ಟರ್

ರೊಕ್ಕದ ಮಾತು ಆಯಿತು. ನಾನು ತಲೆಯ ಮಾತು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನೀರು ತುಂಬಿದ ಕೊಡವನ್ನು ಗಕ್ಕನೆ ತಿರುಗಿಸಿ ನಿಲ್ಲಿಸಿ ನೋಡಿ. ಕೊಡ ನಿಂತಿರುತ್ತದೆ, ಒಳಗಿನ ನೀರು ಇನ್ನೂ ತಿರುಗುತ್ತಿರುತ್ತದೆ. ದವಡೆಗೆ ಅಡ್ಡ ಪೆಟ್ಟು ಬಿದ್ದಾಗ ಬುರುಡೆಯೊಳಗೆ ಮೆದುಳು ಹಾಗೇ ತಿರುಗುತ್ತದೆ. ಮೆದುಳಿನಿಂದ ಹೊರ ಹೊದಿಕೆಗೆ ಹೋಗುವ ಸಣ್ಣ ರಕ್ತನಾಳಗಳು ಆಗ ಹರಿದು, ಒಳಗೆ ರಕ್ತ ಕೂಡಿ ಮೆದುಳನ್ನು ಒತ್ತಲು ಶುರುವಾಗುತ್ತದೆ. ಇದಕ್ಕೆ ಸಬ್‌ಡ್ಯೂರಲ್ ರಕ್ತಸ್ರಾವ ಅನ್ನುತ್ತೇವೆ. ರಿಂಗಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಇದರಿಂದಲೇ ಸತ್ತದ್ದು. ಪೆಟ್ಟು ತಿಂದವನು ನಡೆದುಕೊಂಡೇ ಡ್ರೆಸ್ಸಿಂಗ್ ರೂಮಿಗೆ ಹೋಗಿ, ಮಾತಾಡಿ, ತಲೆನೋವು ಅಂದು, ವಾಂತಿ ಮಾಡಿ ಆಮೇಲೆ ಬೀಳಬಹುದು.

2025ರ ಆಗಸ್ಟ್ 2ರಂದು ಟೋಕಿಯೋದ ಕೊರಾಕುಯೆನ್ ಹಾಲ್‌ನಲ್ಲಿ ಒಂದೇ ರಾತ್ರಿ ಆಡಿದ ಇಬ್ಬರು, ಶಿಗೆತೋಷಿ ಕೊತಾರಿ ಮತ್ತು ಹಿರೊಮಾಸಾ ಉರಾಕಾವಾ, ಇಬ್ಬರಿಗೂ 28 ವರ್ಷ, ತಲೆಯ ಶಸ್ತ್ರಚಿಕಿತ್ಸೆ ಆದರೂ ಉಳಿಯಲಿಲ್ಲ. ಕೊತಾರಿ ನಾಕೌಟ್ ಆಗಿರಲಿಲ್ಲ. 12 ರೌಂಡ್ ಪೂರ್ತಿ ಆಡಿ ಪಂದ್ಯ ಡ್ರಾ ಆಗಿತ್ತು. ಅದೂ ಜಪಾನಿನಲ್ಲಿ, ಬಾಕ್ಸಿಂಗ್ ಕಮಿಷನ್, ಡಾಕ್ಟರ್, ಆಸ್ಪತ್ರೆ ಎಲ್ಲ ಇರುವ ಊರಲ್ಲಿ. ಆಮೇಲೆ ಅಲ್ಲಿ ಓರಿಯಂಟಲ್ ಪೆಸಿಫಿಕ್ ಬೆಲ್ಟ್ ಪಂದ್ಯಗಳನ್ನು 12ರಿಂದ 10 ರೌಂಡಿಗೆ ಇಳಿಸಿದರು.

ಕಾಕಾ, ನಾನು ನಿಮ್ಮ ಜಾಗದಲ್ಲಿದ್ದರೆ ಕೇಳುವುದು ಒಂದೇ: ರಿಂಗಿನಿಂದ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ? ಅಲ್ಲಿ ಆ ರಾತ್ರಿ ಸಿ.ಟಿ. ಸ್ಕ್ಯಾನ್ ನಡೆಯುತ್ತದೆಯೇ, ನ್ಯೂರೋಸರ್ಜನ್ ಇರುತ್ತಾರೆಯೇ, ಪಂದ್ಯ ಇದೆ ಅಂತ ಅವರಿಗೆ ಮೊದಲೇ ತಿಳಿಸಿದ್ದೀರಾ?

ತೊಗರಿ ಹೊಲ

ಡಾಕ್ಟರ್ ಸಾಹೇಬ್ರ, ಇದನ್ನ ಕಲಬುರಗಿ ಮಂದಿಗಿ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಳಿಯ ಬೈಕಿಂದ ಬಿದ್ದಾಗ ಮೊದಲು ಒಯ್ದ ದವಾಖಾನ್ಯಾಗ ತಲಿ ಡಾಕ್ಟರ್ ಇಲ್ಲ ಅಂದ್ರು. ಸೊಲ್ಲಾಪುರಕ್ಕ ಒಯ್ರಿ, ಇಲ್ಲಂದ್ರ ಹೈದರಾಬಾದಿಗಿ ಒಯ್ರಿ ಅಂದ್ರು. ರಾತ್ರಿ ಹನ್ನೊಂದಕ್ಕ ಆಂಬುಲೆನ್ಸಿನಾಗ ಅವನ ಕೈ ಹಿಡ್ಕೊಂಡು ಕುಂತಿದ್ದೆ, ಹೊರಗ ನೋಡಿದ್ರ ಕತ್ತಲಿ, ದಾರಿ ಸರೀವಲ್ದು. ಬದುಕಿದ, ದೇವರ ದಯ. ಬಲಗೈ ಇನ್ನೂ ಪೂರಾ ಎತ್ತಲಾಕ ಬರಂಗಿಲ್ಲ.

ಕೋರ್ಟ್ ಕಟ್ಟಿ

ತೊಗರಿ ಹೊಲದವರು ಹೇಳಿದ್ದೇ ಲಂಡನ್ನಿನಲ್ಲೂ ಆಗಿದೆ, ಕೋರ್ಟಿಗೂ ಹೋಗಿದೆ. 1991ರ ಸೆಪ್ಟೆಂಬರ್ 21, ಕ್ರಿಸ್ ಯೂಬ್ಯಾಂಕ್ ಎದುರು ಮೈಕೆಲ್ ವಾಟ್ಸನ್. ಕೊನೆಯ ರೌಂಡಿನಲ್ಲಿ ಪಂದ್ಯ ನಿಲ್ಲಿಸಿದ ಮೇಲೆ ವಾಟ್ಸನ್ ಕುಸಿದ. ರಿಂಗಿನ ಪಕ್ಕದಲ್ಲಿ ತಕ್ಷಣ ಉಸಿರಾಟ ನೋಡಿಕೊಳ್ಳುವ ತಯಾರಿ ಇರಲಿಲ್ಲ. ಮೊದಲು ಒಯ್ದ ಆಸ್ಪತ್ರೆಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ವಿಭಾಗವಿಲ್ಲದೆ ಇನ್ನೊಂದಕ್ಕೆ ಒಯ್ದರು. 40 ದಿನ ಕೋಮಾದಲ್ಲಿದ್ದ, ಆರು ಆಪರೇಷನ್ ಆದವು. ಅವನು ಬ್ರಿಟಿಷ್ ಬಾಕ್ಸಿಂಗ್ ಬೋರ್ಡ್ ಮೇಲೆ ದಾವೆ ಹೂಡಿದ. ನಿಯಮ ಮಾಡುವವರು ನೀವು, ಆ ನಿಯಮ ನಂಬಿ ರಿಂಗಿಗೆ ಇಳಿದವನ ಜೀವದ ಹೊಣೆ ನಿಮ್ಮ ಮೇಲೂ ಇದೆ ಅಂತ ಕೋರ್ಟ್ ಹೇಳಿತು. 2000ರ ಕೊನೆಗೆ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬೋರ್ಡ್ 4 ಲಕ್ಷ ಪೌಂಡ್ ಕೊಟ್ಟು ರಾಜಿಯಾಯಿತು, ಅದಕ್ಕಾಗಿ ಲಂಡನ್ನಿನ ತನ್ನ ಕಚೇರಿಯನ್ನೇ ಮಾರಬೇಕಾಯಿತು. ವಾಟ್ಸನ್ ಮುಂದೆ 2003ರಲ್ಲಿ ಲಂಡನ್ ಮ್ಯಾರಥಾನ್ ದಾರಿಯನ್ನು ಆರು ದಿನ ನಡೆದು ಮುಗಿಸಿದ.

ನಮ್ಮಲ್ಲಿ ಹಾಗೆ ದಾವೆ ಹೂಡಬೇಕೆಂದರೆ ಯಾರ ಮೇಲೆ ಹೂಡುವುದು?

ಜೇವರ್ಗಿ ರೋಡ್

ಇಷ್ಟೆಲ್ಲಾ ಓದಿದ ಮ್ಯಾಲ ನಂದು ಒಂದೇ ಮಾತು. ಈ ಆಟ ಬಂದ್ ಮಾಡಬೇಕು. ಕ್ರಿಕೆಟ್‌ನಾಗ ಚೆಂಡು ಬಡೀತದ, ಅದು ಅಚಾನಕ್. ಇಲ್ಲಿ ತಲಿಗಿ ಹೊಡದ್ರೇ ಪಾಯಿಂಟ್.

ಬಿದರಿ ಅಕ್ಕ

ಬಂದ್ ಮಾಡಿದ ದೇಶ ಅವ ಅಣ್ಣಾ. ಸ್ವೀಡನ್ 1970ರಾಗ ಪ್ರೊ ಬಾಕ್ಸಿಂಗ್ ಬಂದ್ ಮಾಡ್ತು, 2006ರಾಗ ತೆರೀತು. ನಾರ್ವೆ 1981ರಾಗ ಬಂದ್ ಮಾಡಿ 2014ರಾಗ ತೆರೀತು. ಕ್ಯೂಬಾ 1962ರಿಂದ 2022ರ ತನಕ ಬಂದ್ ಇಟ್ಟಿತ್ತು. ಅಲ್ಲಿ ಹುಡುಗರು ಆಡೋದು ಬಿಡಲಿಲ್ಲ, ದೇಶ ಬಿಟ್ಟು ಹೋಗಿ ಆಡಿದ್ರು. ನಮ್ಮಲ್ಲಿ ಬಂದ್ ಅಂದ್ರ ಯಾವುದೋ ಗೋಡೌನ್‌ನಾಗ, ಡಾಕ್ಟರ್ ಇಲ್ಲದೇ ರಾತ್ರಿ ನಡೀತಾವ.

ನಾನು ಬೀದರ್‌ನಾಗ ಆರು ವರ್ಷ ಬಾಕ್ಸಿಂಗ್ ಆಡೀನಿ. ನಿಖತ್ ಜರೀನ್ ನಮ್ಮ ಗಡಿ ಆಚಿ ನಿಜಾಮಾಬಾದಿನಾಕಿ. 2022ರಾಗ ಆಕಿ ವಿಶ್ವ ಚಾಂಪಿಯನ್ ಆದಾಗ ನಮ್ಮ ಓಣಿ ಹೆಣ್ಮಕ್ಕಳು ಟೆರೇಸ್ ಮ್ಯಾಲ ಬಟ್ಟಿ ಗಂಟು ಕಟ್ಟಿ ಗುದ್ದಲಾಕ ಶುರು ಮಾಡಿದ್ರು. 2023ರಾಗ ದಿಲ್ಲಿಯಾಗ ಮತ್ತ ಗೆದ್ದಳು. ಬಂದ್ ಮಾಡ್ರಿ ಅಂದ್ರ ಈ ಹುಡುಗ್ಯಾರಿಗಿ ಏನು ಹೇಳೋಣ?

ಅಮೆಚೂರ್‌ನಾಗ, ಅಂದ್ರ ಪ್ರೊ ಅಲ್ಲದ ಒಲಿಂಪಿಕ್ ನಮೂನಿ ಬಾಕ್ಸಿಂಗ್‌ನಾಗ, ಒಂದು ಶಿಸ್ತು ಅದ. ನಾಕೌಟ್ ಆದ್ರ 30 ದಿನ ಸ್ಪಾರಿಂಗ್, ಅಂದ್ರ ಪ್ರಾಕ್ಟೀಸಿನ ಗುದ್ದಾಟ ಸುದ್ದಾ ಇಲ್ಲ, ಮೂರು ತಿಂಗಳೊಳಗ ಎರಡನೇ ಸಲ ಆದ್ರ 90 ದಿನ, ವರ್ಷದಾಗ ಮೂರಾದ್ರ ಒಂದು ವರ್ಷ ಮನ್ಯಾಗ. ಪುಸ್ತಕದಾಗ ಬರೀತಾರ. ಕಾಕಾನ ಹುಡುಗ ಪ್ರೊ ಪಂದ್ಯದಾಗ ಬಿದ್ದು ಬಂದು, ಮುಂದಿನ ವಾರ ಬ್ಯಾರೆ ಊರಾಗ ಮತ್ತ ಇಳಿದ್ರ ತಡೆಯೋರು ಯಾರು?

ಸ್ಟೇಡಿಯಂ ಹುಡುಗ

ಅಕ್ಕಾ, ಇದನ್ನ ಒಪ್ಪದೇ ಬ್ಯಾರೆ ದಾರಿ ಇಲ್ಲ. ಆದ್ರ ಹೆಡ್‌ಗಾರ್ಡ್ ಹಾಕ್ಸಿ ಆಡಿಸಿದ್ರ ಆಗಂಗಿಲ್ಲೇನು?

ದವಾಖಾನಿ ಡಾಕ್ಟರ್

ಹುಬ್ಬು ಹರಿಯುವುದು, ಕಿವಿಗೆ ಪೆಟ್ಟಾಗುವುದು ಕಡಿಮೆ ಆಗುತ್ತದೆ. ಕೊಡದೊಳಗಿನ ನೀರು ತಿರುಗುವುದನ್ನು ಕೊಡಕ್ಕೆ ಬಟ್ಟೆ ಸುತ್ತಿ ತಡೆಯಲು ಆಗುವುದಿಲ್ಲ. 2013ರಿಂದ ಅಂತರರಾಷ್ಟ್ರೀಯ ಅಮೆಚೂರ್ ಪಂದ್ಯಗಳಲ್ಲಿ ಗಂಡಸರಿಗೆ ಹೆಡ್‌ಗಾರ್ಡ್ ತೆಗೆದುಹಾಕಿದರು, ರಿಯೋ ಒಲಿಂಪಿಕ್ಸ್ ಹಾಗೇ ನಡೆಯಿತು.

ಜಗತ್ ಸರ್ಕಲ್

ಟೈಸನ್ 58ರಾಗ ಆಡಿ ಏನೂ ಆಗಲಿಲ್ಲ. 20ರ ಹುಡುಗನಿಗಿ ಏನಾಗ್ತದ? ಸುಮ್ನ ಹೆದರಿಸ್ಲಾಕತ್ತೀರಿ ಎಲ್ಲರೂ.

ದುಬೈ ಯಾದಗಿರಿ

ಅದು 2024ರ ನವೆಂಬರ್ 15, ಜೇಕ್ ಪಾಲ್ ಎದುರು. ರೌಂಡ್ 3 ನಿಮಿಷದ್ದಲ್ಲ, 2 ನಿಮಿಷದ್ದು, ಎಂಟೇ ರೌಂಡ್. ಗ್ಲೌಸ್ 14 ಔನ್ಸ್ ದಪ್ಪಂದು. ಟೆಕ್ಸಸ್ ಸರ್ಕಾರದ ಇಲಾಖೆ ಒಪ್ಪಿಗಿ ಕೊಟ್ಟ ಮ್ಯಾಲ ನಡೀತು. ನಮ್ಮ ಹುಡುಗನ ತೂಕಕ್ಕ ಪ್ರೊ ಪಂದ್ಯದಾಗ 8 ಔನ್ಸ್ ಗ್ಲೌಸ್ ಹಾಕ್ತಾರ. ಕೈಯಾಗ ಹಿಡದು ನೋಡ್ರಿ ಅಣ್ಣಾ, ಬೆರಳ ಗಿಣ್ಣು ತಿಳೀತಾವ.

ಗ್ಲೌಸ್ ಅಂದ ಮ್ಯಾಲ ಇನ್ನೊಂದು. 1983ರ ಜೂನ್‌ನಾಗ ನ್ಯೂಯಾರ್ಕಿನಾಗ ಲೂಯಿಸ್ ರೆಸ್ಟೋ ಅನ್ನೋನ ಗ್ಲೌಸಿನೊಳಗಿನ ಪ್ಯಾಡಿಂಗ್ ಕಿತ್ತು ತಗದಿದ್ರು. ಎದುರಿಗಿದ್ದ ಬಿಲ್ಲಿ ಕಾಲಿನ್ಸ್ 10 ರೌಂಡ್ ಹೊಡಿಸ್ಕೊಂಡ, ಕಣ್ಣಿಗಿ ಖಾಯಂ ಪೆಟ್ಟಾತು, ಮತ್ತ ಎಂದೂ ಆಡಲಿಲ್ಲ. ಪಂದ್ಯ ಮುಗಿದ ಮ್ಯಾಲ ಅವರಪ್ಪ ರೆಸ್ಟೋನ ಕೈ ಹಿಡದಾಗ ಗೊತ್ತಾತು. ರೆಸ್ಟೋ ಮತ್ತ ಅವನ ಟ್ರೇನರ್ ಇಬ್ಬರೂ ಜೈಲಿಗಿ ಹೋದ್ರು. ಗ್ಲೌಸ್ ಯಾರು ತಪಾಸ್ ಮಾಡ್ತಾರ ಅಂತಾನೂ ಕೇಳಬೇಕು ಕಾಕಾ.

ಪಿಟಿ ಮಾಸ್ತರ್ ಸುರಪುರ

ದೂರದ ದೇಶದ ಮಾತು ಬ್ಯಾಡ, ನಮ್ಮ ರಾಜ್ಯದ್ದೇ ಹೇಳ್ತೀನಿ. 2022ರ ಜುಲೈದಾಗ ಬೆಂಗಳೂರಿನಾಗ ಕಿಕ್‌ಬಾಕ್ಸಿಂಗ್ ಪಂದ್ಯ. ಮೈಸೂರಿನ 23 ವರ್ಷದ ಹುಡುಗ ಮುಖಕ್ಕ ಪೆಟ್ಟು ಬಿದ್ದು ಕುಸಿದ, ಬದುಕಲಿಲ್ಲ. ಅಲ್ಲಿ ವೈದ್ಯಕೀಯ ವ್ಯವಸ್ಥಾ ಸರಿ ಇರಲಿಲ್ಲ ಅಂತ ಅವರಪ್ಪ ಪೊಲೀಸರಿಗಿ ದೂರು ಕೊಟ್ಟ. ಆ ವಿಡಿಯೋ ನಮ್ಮ ಸಾಲಿ ಹುಡುಗರ ಮೊಬೈಲ್‌ನಾಗೂ ಬಂದಿತ್ತು. ಮರುದಿನ ಗ್ರೌಂಡಿನಾಗ ಹುಡುಗರು ನನ್ನ ಸುತ್ತ ನಿಂತು "ಸರ್, ಅಲ್ಲಿ ನಿಮ್ಮಂಥ ಸರ್ ಇರಲಿಲ್ಲೇನು" ಅಂತ ಕೇಳಿದ್ರು. ಏನು ಉತ್ತರ ಕೊಡಬೇಕು ತಿಳೀಲಿಲ್ಲ ನನಗ.

ಭೀಮಾ ದಂಡಿ

ಓದಿ ಕಣ್ಣಾಗ ನೀರು ಬಂತು ಮಾಸ್ತರ.

ಶಹಾಬಜಾರ್ ಕಾಕಾ

ಎಲ್ಲಾ ಓದೀನ್ರಿ. ಹುಡುಗನಿಗೂ ಓದಿಸೀನಿ. ಎದುರಾಳಿ ಬಗ್ಗೆ ಕೇಳಿದೆ. ಅವನು 9 ಪಂದ್ಯ ಆಡಿ 8 ಗೆದ್ದಾನಂತ, 6 ನಾಕೌಟ್. ನಮ್ಮವನಿಗಿ ಪ್ರೊದಾಗ ಇದೇ ಮೊದಲ ಪಂದ್ಯ. ಅವನ ತೂಕ 66 ಕಿಲೋ ಅಂದ್ರು, ನಮ್ಮವ 60. ತೂಕದ ಮಾತು ಕಾಗದದಾಗ ಎಲ್ಲೂ ಬರದಿಲ್ಲ. ಹುಡುಗ "ತಿಂದು ಏರಿಸ್ಕೋತೀನಿ ಕಾಕಾ" ಅಂತಾನ. ದಿನಾ ಎಂಟು ರೊಟ್ಟಿ, ಎರಡು ಸಲ ಶೇಂಗಾ ಹಿಂಡಿ, ಮ್ಯಾಲ ಡಬ್ಬಿ ಪೌಡರ್.

ಗರಡಿ ಅಜ್ಜ

ಡಬ್ಬಿ ಪೌಡರ್ ಬಿಡಸ್ರಿ. ಬಿಳಿಜೋಳದ ರೊಟ್ಟಿ, ಹೆಸರುಬ್ಯಾಳಿ, ಹಾಲು, ಬದಾಮಿ ಸಾಕು. 12 ದಿನದಾಗ ತಿಂದ ಅನ್ನ ಮೈಗಿ ಹತ್ತಂಗಿಲ್ಲ.

ತೊಗರಿ ಹೊಲ

ಅಜ್ಜಾ, ತೊಗರಿ ನಾಡಾಗ ಕುಂತು ಹೆಸರುಬ್ಯಾಳಿ ಅಂತೀರಲ್ಲ!

ಬಿದರಿ ಅಕ್ಕ

6 ಕಿಲೋ ಅಂದ್ರ ಎರಡು ಕ್ಲಾಸ್ ಆಚಿ ಹೋಗ್ತದ ಕಾಕಾ, ಸಣ್ಣ ಫರಕ್ ಅಲ್ಲ. ಇನ್ನೊಂದು ಎಚ್ಚರ: ಕೊನಿಗಿ ಅವರು 63ಕ್ಕ ಇಬ್ಬರೂ ಬರ್ರಿ ಅಂತಾರ. ಅವನು ಮೂರು ದಿನ ನೀರು ಬಿಟ್ಟು ಇಳಿತಾನ, ತೂಕ ನೋಡಿದ ಮ್ಯಾಲ ಕುಡದು ರಾತ್ರೋರಾತ್ರಿ ಮತ್ತ ಏರ್ತಾನ. ನಾನೂ ಹಂಗ ಮಾಡೀನಿ. ಏಪ್ರಿಲ್ ಬಿಸಿಲಾಗ ಬೀದರ್ ಕೋಟಿ ಸುತ್ತ ಮೈಗಿ ಪ್ಲಾಸ್ಟಿಕ್ ಹಾಳಿ ಸುತ್ಕೊಂಡು ಓಡಿ, ನೀರು ಬಾಯಾಗ ಹಾಕಿ ಉಗುಳ್ತಿದ್ದೆ. ಮೂರನೇ ದಿನ ಬುರುಜಿನ ಕೆಳಗ ಕಣ್ಣು ಕತ್ತಲಿ ಬಂದು ಕುಂತುಬಿಟ್ಟೆ. ನಮ್ಮ ಕೋಚ್ ಆ ಟೂರ್ನಮೆಂಟ್ ಪಟ್ಟಿಯಿಂದ ನನ್ನ ಹೆಸರು ಹೊಡದು ಹಾಕಿದ್ರು. ನೀರಿಲ್ಲದ ಮೈಯಾಗ ತಲಿಗಿ ಪೆಟ್ಟು ಬಿದ್ರ ಭಾಳ ಕೆಟ್ಟ ಅಂತ ಆಮ್ಯಾಲ ತಿಳೀತು.

ದುಬೈ ಯಾದಗಿರಿ

1982ರಾಗ ಕೊರಿಯಾದ ಕಿಮ್ ದುಕ್ ಕೂ ಹಂಗೇ ಕಷ್ಟಪಟ್ಟು ತೂಕ ಇಳಿಸಿ ಲಾಸ್ ವೇಗಸ್‌ನಾಗ ರೇ ಮ್ಯಾನ್ಸಿನಿ ಎದುರು ಇಳದವ. 14ನೇ ರೌಂಡಿಗಿ ಬಿದ್ದ, ನಾಲ್ಕೈದು ದಿನಕ್ಕ ತೀರಿಕೊಂಡ. ಮುಂದ ಕೆಲವೇ ತಿಂಗಳಿಗಿ ಅವನ ತಾಯಿ ಜೀವ ಕಳಕೊಂಡಳು, ಆ ಪಂದ್ಯದ ರೆಫ್ರಿನೂ ಕಳಕೊಂಡ. ವಿಶ್ವ ಬೆಲ್ಟ್ ಪಂದ್ಯ 15ರಿಂದ 12 ರೌಂಡಿಗಿ ಇಳದದ್ದು ಅದರ ನಂತರ.

ಕಾಕಾ, ಹುಡುಗನ ಕಾರ್ನರ್‌ನಾಗ, ಅಂದ್ರ ರಿಂಗಿನ ಮೂಲ್ಯಾಗ ಅವನ ಹಿಂದ, ಯಾರು ಇರ್ತಾರ? 1975ರಾಗ ಮನಿಲಾದಾಗ ಅಲಿ ಎದುರು ಫ್ರೇಜಿಯರ್ 14 ರೌಂಡ್ ಆಡಿದ್ದ. ಕಣ್ಣು ಬಾತು ಮುಚ್ಚಿದ್ವು, ಇನ್ನ ಮೂರೇ ನಿಮಿಷ ಉಳದಿತ್ತು. ಬ್ಯಾಡ ಅಂದ್ರೂ ಕೇಳದೇ ಅವನ ಟ್ರೇನರ್ ಎಡ್ಡಿ ಫಚ್ ಪಂದ್ಯ ನಿಲ್ಲಿಸ್ದ. ಅಂಥವನು ಒಬ್ಬ ಬೇಕು ಹಿಂದ. ಆ ಊರವರು ಕೊಡೋ ಬಾಡಗಿ ಕಾರ್ನರ್‌ನವರು ಪಂದ್ಯ ನಿಲ್ಲಸ್ರಿ ಅಂತ ರಿಂಗಿನಾಗ ಟವೆಲ್ ಒಗೆಯಂಗಿಲ್ಲ.

ಗರಡಿ ಅಜ್ಜ

ನಮ್ಮ ಉಸ್ತಾದನ ಜಾತಿಯವನು ಆ ಫಚ್.

ಸ್ಟೇಡಿಯಂ ಹುಡುಗ

ಕಾಕಾ, ನಿನ್ನಿ ತನಕ ಹೋಗ್ಲಿ ಅಂತಿದ್ದೆ. 60ಕ್ಕ 66, ಮೊದಲ ಪಂದ್ಯಕ್ಕ 6 ನಾಕೌಟ್ ಹೊಡದವ. ಇದಕ್ಕ ಕಳಿಸಬ್ಯಾಡ್ರಿ. ಪ್ರೊ ಆಗ್ಲಿ, ಆದ್ರ ಇದಲ್ಲ.

ಶಹಾಬಜಾರ್ ಕಾಕಾ

ಫೋನ್ ಮಾಡಿದ್ದೆ. ಹುಡುಗನನ್ನ ಬಾಜೂ ಕುಂದ್ರಿಸ್ಕೊಂಡು ಸ್ಪೀಕರ್ ಹಚ್ಚಿ ಮಾತಾಡಿದೆ. ಡಾಕ್ಟರ್ ಇರ್ತಾರೇನ್ರಿ ಅಂದೆ, ಇರ್ತಾರ ಅಂದ್ರು. ಆಂಬುಲೆನ್ಸ್? ಫೋನ್ ಹಚ್ಚಿದ್ರ ಬರ್ತದ ಅಂದ್ರು. ವಿಮಾ? ಮುಂದಿನ ಸಲ ಮಾಡ್ಸೋಣ. ಯಾವ ದವಾಖಾನಿಗಿ ಒಯ್ತೀರಿ, ಅಲ್ಲಿ ತಲಿ ಡಾಕ್ಟರ್ ರಾತ್ರಿ ಇರ್ತಾರೇನು ಅಂದೆ. ಆ ಕಡಿಂದ ಒಂದು ಗಳಿಗಿ ಮಾತೇ ಇಲ್ಲ. ಆಮ್ಯಾಲ, "ನೀವು ಆಡಿಸೋರೋ, ಎನ್‌ಕ್ವಾಯರಿ ಮಾಡೋರೋ" ಅಂತ ಫೋನ್ ಇಟ್ರು.

ಸಹಿ ಹಾಕಲಿಲ್ಲ. ಹುಡುಗ ರಾತ್ರಿ ಊಟ ಮಾಡಲಿಲ್ಲ, ಗೋಡಿ ಕಡಿ ಮಾರಿ ಮಾಡಿ ಮಲಗಿದ. ಮುಂಜಾನಿ ಎದ್ದು ನೋಡಿದ್ರ ಶೂ ಇರಲಿಲ್ಲ. ಸ್ಟೇಡಿಯಂನಾಗ ಓಡ್ಲಾಕತ್ತಿದ್ದ.

ಮಧ್ಯಾಹ್ನ ಅವರ ಕಡಿಂದ ಒಂದು ಮೆಸೇಜ್ ಬಂದದ, ನಿಮ್ಮ ಹುಡುಗ ಬ್ಯಾಡ, ನಿಮ್ಮ ಕಡಿಯವನೇ ಇನ್ನೊಬ್ಬ ಒಪ್ಯಾನ ಅಂತ.

ಬಿದರಿ ಅಕ್ಕ

ಇನ್ನೊಬ್ಬ ಅಂದ್ರ ಯಾವ ಊರವ?

ಶಹಾಬಜಾರ್ ಕಾಕಾ

ಹೇಳಿಲ್ಲ ತಂಗಿ. ಬರೇ ನಿಮ್ಮ ಕಡಿಯವ ಅಂದಾರ.

ಪಿಟಿ ಮಾಸ್ತರ್ ಸುರಪುರ

60 ಕಿಲೋ ಆಜೂಬಾಜೂ ಇರೋ ಹುಡುಗರು ನಮ್ಮ ಮೂರು ಜಿಲ್ಲೆದಾಗ ಹತ್ತಿಪ್ಪತ್ತು ಮಂದಿಗಿಂತ ಹೆಚ್ಚಿಲ್ಲ. ಯಾದಗಿರಿ, ಶಹಾಪುರ, ರಾಯಚೂರು ಕಡಿ ಕೋಚ್‌ಗಳಿಗಿ ನಾನು ಈಗ ಫೋನ್ ಹಚ್ತೀನಿ. ಅಕ್ಕಾ, ಬೀದರ್, ಬಸವಕಲ್ಯಾಣ ನೀವು ನೋಡ್ರಿ. ಡಾಕ್ಟರ್ ಸಾಹೇಬ್ರ, ನೀವು ಬರದ ಆ ಪ್ರಶ್ನೆ ಇದ್ದಂಗೇ ಕಳಿಸ್ಲಾಕತ್ತೀನಿ ಎಲ್ಲರಿಗೂ. ಇನ್ನ 9 ದಿನ ಅದ.

ಬಿದರಿ ಅಕ್ಕ

ಹಚ್ಚೀನಿ ಮಾಸ್ತರ. ಇಬ್ಬರು ಎತ್ತಿದ್ರು, ಅವರ ಹುಡುಗರಲ್ಲ ಅಂದ್ರು. ಭಾಲ್ಕಿಯವರದು ರಿಂಗ್ ಆಗ್ಲಾಕತ್ತದ.